ಮಾಟದ ಊರಲ್ಲಿ ಬಾಡಿಗೆ ಪತ್ತೇದಾರ: ಹೆಣವೇ ಬಾಯಿ ಬಿಟ್ಟರೆ ಇವನಿಗೇನು ಕೆಲಸ?

ಬಿಸಿಲೂರು (ರಾಯಚೂರು)

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೀತಿದ್ದೀನಿ, ನಡುವೆ ಸಿಕ್ಕಿಹಾಕಿಕೊಂಡಿದೆ.

ಊರಿನ ಹೆಸರು ಕೆಂಧೂಳಿ. ನಕ್ಷೆಯಲ್ಲಿ ಹುಡುಕಬೇಡಿ, ಸಿಗಲ್ಲ. ಬಳ್ಳಾರಿಯ ಕೋಟೆಗುಡ್ಡ, ನಮ್ಮ ರಾಯಚೂರಿನ ಖಂದಕ, ಆನೆಗೊಂದಿಯ ಬಂಡೆ ಮೂರನ್ನೂ ಕಲಸಿ ಕಟ್ಟಿದ ಊರು. ಏಳು ಸುತ್ತಿನ ಗೋಡೆ, ಅದಿರಿನ ದುಡ್ಡು. ಲಾರಿ ಇಲ್ಲ, ಎತ್ತಿನ ಬಂಡಿ. ಮಾಟ ಮಾಡೋರು ಸರ್ಕಾರದ ಲೈಸೆನ್ಸ್ ಗೋಡೆಗೆ ತೂಗುಹಾಕಿ ಅಂಗಡಿ ನಡೆಸ್ತಾರೆ. ಅಲ್ಲಿ ಹುಲುಗಪ್ಪ ಅಂತ ಒಬ್ಬ ಬಾಡಿಗೆ ಪತ್ತೇದಾರ. ಮೊದಲು ತಳವಾರರ ಕಚೇರಿಯಲ್ಲಿದ್ದ, ಮೇಲಿನವರಿಗೆ ಬೇಡವಾದ ಸತ್ಯ ಹೇಳಿ ಕೆಲಸ ಕಳ್ಕೊಂಡ. ಹಾರ್ಡ್‌ಬಾಯ್ಲ್ಡ್ ಪತ್ತೇದಾರ ಅಂತಾರಲ್ಲ, ಆ ಪೈಕಿ. ಸಾಲ, ಸೇಂದಿ, ಬಿಟ್ಟುಹೋದ ಹೆಂಡ್ತಿ, ಸುಮ್ಮನಿರಲಾರದ ಬಾಯಿ.

ಮೂರು ಜನ ಅದಿರು ಸಾಹುಕಾರರ ಕೊಲೆ ಆಗುತ್ತೆ. ತೊಂದರೆ ಏನಂದ್ರೆ ಈ ಊರಲ್ಲಿ ಹೆಣ ಮಾತಾಡುತ್ತೆ. ಬೇತಾಳನ ಕಥೆ ಓದಿ ಬೆಳೆದವನು, ಮೊದಲ ಅಧ್ಯಾಯದಲ್ಲೇ ಹೆಣದ ಬಾಯಿಗೆ ಮಾತು ಹಾಕಿಬಿಟ್ಟೆ. ಚೆನ್ನಾಗಿ ಬಂದಿದೆ, ತೆಗೆಯೋಕೆ ಮನಸ್ಸಿಲ್ಲ. ಆದ್ರೆ "ನಿನ್ನ ಕೊಂದೋನು ಯಾರು" ಅಂತ ಹುಲುಗಪ್ಪ ಕೇಳಿದ ಅಂದ್ರೆ ಮೂರನೇ ಪುಟಕ್ಕೆ ಮಂಗಳ ಹಾಡ್ಬೇಕು. ಏನ್ ಮಾಡ್ಲಿ?

ಲಾಸ್ಟ್ ಬೆಂಚ್

ಹಿಂದಿನಿಂದ ಚುಚ್ಚಿದ್ರು ಅಂತ ಬರಿ. ಹೆಣಕ್ಕೂ ಗೊತ್ತಿಲ್ಲ. ಮುಗೀತು.

ಕಲ್ಗುಡ್ಡ (ಬಳ್ಳಾರಿ)

ಮೂರು ಮಂದಿಗೂ ಹಿಂದಿನಿಂದನೇ ಚುಚ್ಚಿದ್ರೆ ಓದೋರು ಪುಸ್ತಕ ಬಿಸಾಕ್ತಾರೆ. ಒಂದು ಸಲ ನಡೀಬಹುದು.

ಹಳಗನ್ನಡ ಮಾಸ್ತರ (ಕೊಪ್ಪಳ)

ಬಿಸಿಲೂರು ಅವರೇ, ನಿಮ್ಮ ತೊಂದರೆ ಹಳೇದು. ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಹಾಕಿದ. ದೈವ, ದೆವ್ವ, ಮಾಟದ ಕಾರಣ ಕೊಡಲೇಬಾರದು ಅನ್ನೋದು ಅದರಲ್ಲಿ ಒಂದು. ಒಂದಕ್ಕಿಂತ ಹೆಚ್ಚು ಗುಪ್ತ ಬಾಗಿಲು ಇರಬಾರದು ಅಂತಲೂ ಅಂದ. ಏಳು ಸುತ್ತಿನ ಕೋಟೆ ಇಟ್ಟುಕೊಂಡು ನೀವು ಆ ನಿಯಮಕ್ಕೂ ಎಳ್ಳುನೀರು ಬಿಡೋದು ಗ್ಯಾರಂಟಿ.

ಆದರೆ ನಮ್ಮವರು ನಾಕ್ಸ್‌ನನ್ನು ಕೇಳಿಕೊಂಡು ಕೂತಿರಲಿಲ್ಲ. ಸುಮಾರು ಸಾವಿರ ವರ್ಷದ ಹಿಂದಿನ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನದೂ ಒಂದು. ಇಬ್ಬರು ಸಹಪಾಠಿಗಳು. ಒಬ್ಬ ಕಳವಿನ ವಿದ್ಯೆ ಕಲಿತ, ಇನ್ನೊಬ್ಬ ಯಮದಂಡ, ಊರು ಕಾಯೋ ತಳಾರನ ವಿದ್ಯೆ ಕಲಿತ. ನೀನು ತಳಾರನಾಗಿರೋ ಊರಿಗೇ ಬಂದು ಕದೀತೀನಿ ಅಂತ ಪಂಥ. ಮುಂದೆ ಅದೇ ಆಗುತ್ತೆ. ಕಳ್ಳ ಹಗಲೆಲ್ಲ ತೊನ್ನು ಹತ್ತಿದ ಭಿಕಾರಿ, ರಾತ್ರಿ ತನ್ನ ನಿಜ ರೂಪ. ರಾಜನ ಹಾರ ಹೋಯ್ತು, ತಳಾರನ ತಲೆಯ ಮೇಲೆ ಕತ್ತಿ. ವಿದ್ಯೆ, ಮಾಯೆ ಎಲ್ಲ ಇದೆ ಆ ಕಥೆಯಲ್ಲಿ. ಆದರೆ ಓದುವವನಿಗೆ ಕಳ್ಳ ಯಾರು ಅಂತ ಮೊದಲೇ ಗೊತ್ತು. ತಳಾರ ಹೇಗೆ ಹಿಡಿದಾನು, ಹಿಡಿದರೂ ಹೇಗೆ ಒಪ್ಪಿಸಿಯಾನು ಅನ್ನೋದೇ ಕುತೂಹಲ. ಹಾಗೆ ಬರೆದರೆ ಹೆಣ ಹೆಸರು ಹೇಳಿದರೂ ನಿಮ್ಮ ಕಥೆ ಸಾಯಲ್ಲ.

ಬಿಸಿಲೂರು

ಮಾಸ್ತರ್ರೇ, ಚೆನ್ನಾಗಿದೆ. ಆದ್ರೆ ನನಗೆ "ಯಾರು" ಅನ್ನೋದೂ ಬೇಕು. ಕೊನೇವರೆಗೂ ಬೇಕು.

ಎಡದಂಡೆ (ಗಂಗಾವತಿ)

ನಾನು ಒಂದು ಮಾತ್ ಹೇಳ್ತೀನಿ, ಹೆಣದ ಚಿಂತಿ ಆಮ್ಯಾಲೆ ಮಾಡ್ರಿ. ಮೊದಲು ನಿಮ್ಮ ಊರಾಗ ಪೊಲೀಸರಿಗೆ ಪಗಾರ ಯಾರು ಕೊಡ್ತಾರ ಅನ್ನೋದು ಬರೀರಿ. ಈ ನಮೂನಿ ಕಥಿಗೆ ಜೀವ ಇರೋದು ಅಲ್ಲಿ. ಹಾರ್ಡ್‌ಬಾಯ್ಲ್ಡ್ ಕಥಿ ಹುಟ್ಟಿದ್ದು ಅಮೆರಿಕದಾಗ 1920ರ ಆಸುಪಾಸು, ಸೆರೆ ನಿಷೇಧ ಇದ್ದ ಕಾಲ, ಪೊಲೀಸರು ಕಳ್ಳಬಟ್ಟಿಯವರ ಜೇಬಿನಾಗ ಇದ್ದ ಕಾಲ. ಪೊಲೀಸ ನೆಟ್ಟಗಿದ್ರ ಬಾಡಿಗಿ ಪತ್ತೇದಾರ ಯಾಕ ಬೇಕು?

ಅದಕ್ಕ ಅಮೆರಿಕಕ್ಕ ಹೋಗೋದೇನೂ ಬ್ಯಾಡ. ಹೊಳಿ ದಾಟಿದ್ರ ಸಾಕು. 1443ರಾಗ ಪರ್ಷಿಯಾದಿಂದ ಅಬ್ದುಲ್ ರಜಾಕ್ ವಿಜಯನಗರಕ್ಕ ಬಂದಿದ್ದ. ಅವ ಬರದಾನ: ಟಂಕಸಾಲಿ ಎದುರಿಗೆ ನಗರ ಕಾಯೋ ಅಧಿಕಾರಿ ಕಚೇರಿ, ಅವನ ಕೈಯಾಗ 12,000 ಮಂದಿ ಕಾವಲುಗಾರರು, ಅವರ ದಿನದ ಪಗಾರ 12,000 ಪಣ. ಆ ರೊಕ್ಕ ಬರೋದು ಸೂಳೆಗೇರಿ ಆದಾಯದಿಂದ. ಏಳು ಗೋಡಿ ಒಳಗ ಏನಾದ್ರೂ ಕಳುವಾದ್ರ ಹುಡುಕಿ ಕೊಡಬೇಕು, ಇಲ್ಲಂದ್ರ ದಂಡ. ರಜಾಕನ ಜೊತಿಗಿದ್ದವರ ಆಳುಗಳು ಓಡಿಹೋದಾಗ ಕಡುಬಡವರು ಇರೋ ಕೇರಿ ಕಾವಲುಗಾರರನ್ನ ಹಿಡದು "ತಂದು ಕೊಡ್ರಿ, ಇಲ್ಲ ದುಡ್ಡು ಕಟ್ಟರಿ" ಅಂದ್ರಂತ. ಅವರು ದುಡ್ಡ ಕಟ್ಟಿದ್ರು!

ಇದನ್ನ ಓದಿದ ಮ್ಯಾಲೆ ನಿಮಗ ಬೇರೆ ಊರು ಕಟ್ಟೋ ಜರೂರು ಏನೈತಿ?

ಸ್ಟೇಷನ್ ರೈಟರ್

ಕಳ್ಳ ಸಿಗದಿದ್ರೆ ಕಾವಲುಗಾರ ದುಡ್ಡು ಕಟ್ಟೋ ಪದ್ಧತಿ ಈಗ ಬಂದ್ರೆ ನಮ್ಮ ಪೆನ್ಷನ್ ಒಂದು ವಾರಕ್ಕೂ ಸಾಲಲ್ಲ.

ಕಲ್ಗುಡ್ಡ

ರಜಾಕ್ ಪ್ರವಾಸಿ, ಯಾರೋ ಹೇಳಿದ್ದನ್ನ ಬರೆದಿದ್ದಾನೆ. 12,000 ಕಾವಲುಗಾರರು, 12,000 ಪಣ, ಎಷ್ಟು ಗುಂಡಗಿನ ಲೆಕ್ಕ ನೋಡಿ.

ಎಡದಂಡೆ

ಗುಂಡಗೇ ಇರ್ಲಿ ಅಣ್ಣಾ, ಕಾದಂಬರಿಗೆ ಆಡಿಟ್ ಯಾರು ಮಾಡ್ತಾರ? ತಲಿಗೆ ದಿನಕ್ಕ ಒಂದು ಪಣ ಆತಲ್ಲ. ಹುಲುಗಪ್ಪ ತನ್ನ ಕೂಲಿ ಎರಡು ಪಣ, ಮ್ಯಾಲೆ ಖರ್ಚು ಅಂತಾನ. ಗಿರಾಕಿ ಒಂದೂವರಿಗೆ ಚೌಕಾಸಿ ಮಾಡ್ತಾನ. ಒಂದು ವರಹಕ್ಕ ಇಪ್ಪತ್ತು ಪಣ, ಒಂದು ಪಣಕ್ಕ ಆರು ತಾರ ಅಂತ ರಜಾಕನೇ ಕೊಟ್ಟಾನ. ಚಿಲ್ಲರಿ ಸಮೇತ ಲೆಕ್ಕ ತಯಾರ್ ಐತಿ.

ಲಾಸ್ಟ್ ಬೆಂಚ್

ಹಂಪಿ ಈಗ ಬಳ್ಳಾರಿ ಜಿಲ್ಲೆ ಅಲ್ಲ, ವಿಜಯನಗರ ಜಿಲ್ಲೆ. ಸುಮ್ನೆ ಹೇಳಿದೆ.

ಕಲ್ಗುಡ್ಡ

ಶುರು ಆಯ್ತು. 2021ರಲ್ಲಿ ನಮ್ಮ ಜಿಲ್ಲೆ ಒಡೆದಾಗಿಂದ ಇದೇ ಗಾಯಕ್ಕೆ ಉಪ್ಪು ಹಾಕ್ತಾ ಇದ್ದೀಯಪ್ಪ.

ಎಡದಂಡೆ

ಆನೆಗೊಂದಿ ನಮ್ಮದು, ಕೊಪ್ಪಳ ಜಿಲ್ಲಾ. ನಿಮ್ಮ ಜಗಳ ನಿಮಗಿರ್ಲಿ.

ಪುಂಡಿಪಲ್ಯ (ಸಿಂಧನೂರು)

ಎಲ್ಲರೂ ಪಗಾರದ ಲೆಕ್ಕ ಮುಗಿಸಿದ್ರೆ ಒಂದು ಪ್ರಶ್ನೆ ಕೇಳ್ಲಾ? ಈ ಪತ್ತೇದಾರ ಯಾವಾಗಲೂ ಕುಡುಕ ಗಂಡಸೇ ಯಾಕಾಗ್ಬೇಕು? ಹೆಂಗಸು ಅಂದ್ರೆ ಒಂದೋ ಸೆರಗು ಜಾರಿಸ್ಕೊಂಡು ಬರೋ ಗಿರಾಕಿ, ಇಲ್ಲ ಎರಡನೇ ಅಧ್ಯಾಯದ ಹೆಣ. "ಬಿಟ್ಟುಹೋದ ಹೆಂಡ್ತಿ" ಅಂತ ಒಂದು ಪದದಲ್ಲಿ ಮುಗಿಸಿದ್ದೀರಿ. ಯಾಕೆ ಬಿಟ್ಟುಹೋದಳು, ಈಗ ಏನ್ ಮಾಡ್ತಿದ್ದಾಳೆ, ಅದನ್ನೂ ಬರೀರಿ. ನಾನಾಗಿದ್ರೆ ಅವಳನ್ನ ಏಳು ಗೋಡೆ ಒಳಗಿನ ಸೂಲಗಿತ್ತಿ ಮಾಡ್ತಿದ್ದೆ. ಊರಲ್ಲಿ ಯಾರ ಮಗು ಯಾರದ್ದು ಅಂತ ಗೊತ್ತಿರೋದು ಅವಳೊಬ್ಬಳಿಗೇ. ಸಾಹುಕಾರರ ಆಸ್ತಿ ಜಗಳದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ?

ಇನ್ನೊಂದು, ಸೇಂದಿ ಅಂತ ಸ್ಟೈಲಾಗಿ ಬರೆದಿದ್ದೀರಿ. ರಾಯಚೂರಿನವರಾಗಿ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್, ಮತ್ತು ಬರಿಸೋ ರಾಸಾಯನಿಕ) ಬೆರೆಸಿದ ಸೇಂದಿ ಕುಡಿದವರ ಮನೆ ನೋಡಿಲ್ವಾ? ಒಂದು ದಿನ ಸಿಗದಿದ್ರೆ ಕೈಕಾಲು ನಡುಗಿ, ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತೆ. ಗ್ಲಾಸ್ ಹಿಡ್ಕೊಂಡು ಕಿಟಕಿ ಹತ್ರ ನಿಂತು ಡೈಲಾಗ್ ಹೊಡೆಯೋ ಕುಡಿತ ಅಲ್ಲ ಅದು.

ಬಿಸಿಲೂರು

ಅಕ್ಕಾ, ಎರಡೂ ತಗೊಂಡೆ. ಇಲ್ಲದ್ದು ಕಾಣೋ ಪತ್ತೇದಾರ, ಅದೂ ಮಾಟ ನಿಜವಾಗಿರೋ ಊರಲ್ಲಿ! ಯಾವುದು ಮಾಟ, ಯಾವುದು ಪೌಡರು ಅಂತ ಅವನಿಗೇ ಗೊತ್ತಾಗಲ್ಲ.

ಪುಂಡಿಪಲ್ಯ

ಹೆಂಡ್ತಿ ವಿಷಯಕ್ಕೆ ಉತ್ತರ ಬಂದಿಲ್ಲ.

ಸ್ಟೇಷನ್ ರೈಟರ್

ನಾನು ಈ ಮೂರೂ ಜಿಲ್ಲೆಯ ಠಾಣೆಗಳಲ್ಲಿ ಬರವಣಿಗೆ ಕೆಲಸ ಮಾಡಿ ನಿವೃತ್ತಿಯಾದವನು. ಒಂದೆರಡು ವಿಷಯ ಸರಿಪಡಿಸ್ತೀನಿ, ಬೇಜಾರಾಗಬೇಡಿ.

ನಿಜ ಜೀವನದಲ್ಲಿ ಖಾಸಗಿ ಪತ್ತೇದಾರ ಕೊಲೆ ತನಿಖೆ ಮಾಡೋ ಹಾಗಿಲ್ಲ. ಅದು ಪೊಲೀಸರದ್ದು. ಖಾಸಗಿಯವರು ಮದುವೆ ಸಂಬಂಧ, ಇನ್ಶೂರೆನ್ಸ್, ಕಂಪನಿ ನೌಕರರ ಹಿನ್ನೆಲೆ, ಇಂಥವೇ ನೋಡೋದು. ಅವರಿಗಂತ ಪ್ರತ್ಯೇಕ ಕಾಯ್ದೆನೂ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಬಂತು, ಕಾಯ್ದೆ ಆಗಲೇ ಇಲ್ಲ. ಕಥೆಯಲ್ಲಿ ಏನು ಬೇಕಾದ್ರೂ ಮಾಡಿ. ಆದ್ರೆ ಹುಲುಗಪ್ಪ ಹೆಣದ ಹತ್ರ ಹೋಗೋಕೆ ಯಾರು ಬಿಡ್ತಾರೆ ಅನ್ನೋದನ್ನ ಹೇಳಲೇಬೇಕು. ನಾವು ಬಿಡ್ತಿರಲಿಲ್ಲ. ದುಡ್ಡು ಕೊಟ್ರೆ ಯಾರಾದ್ರೂ ಬಿಡ್ತಿದ್ರೇನೋ.

ಎರಡನೇದು ಶವ ಪಂಚನಾಮೆ. ಹಿಂದೆ ಕಲಂ 174, ಈಗ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 194. ಕೊಲೆ 302 ಹೋಗಿ 103 ಆಯ್ತು, ನಮ್ಮ ನಾಲಿಗೆಗೆ ಇನ್ನೂ 302 ಅಂಟಿಕೊಂಡಿದೆ. ಪಂಚನಾಮೆ ಬರೆಯೋದು ಹೇಗಂದ್ರೆ, ಹೆಣ ಯಾವ ದಿಕ್ಕಿಗೆ ತಲೆ ಮಾಡಿ ಬಿದ್ದಿದೆ, ಬಟ್ಟೆ ಯಾವ ಬಣ್ಣ, ಕಣ್ಣು ತೆರೆದಿದೆಯೋ ಮುಚ್ಚಿದೆಯೋ, ಬಾಯಿ ಹೇಗಿದೆ, ಕೈಮುಷ್ಟಿ ಬಿಗಿದಿದೆಯೋ, ಹೀಗೆ ಅಡಿಯಿಂದ ಮುಡಿವರೆಗೆ. ಪಂಚರು ನೋಡಿ ಸಹಿ ಹಾಕ್ತಾರೆ. ಹಾಕಬೇಕು. ಕೆಲವು ಕಡೆ ಪಂಚರು ಠಾಣೆ ಎದುರಿನ ಚಹಾದಂಗಡಿಯಲ್ಲೇ ಇರ್ತಾರೆ, ಹೆಣ ನೋಡದೇನೇ ಸಹಿ ಬಿದ್ದಿರುತ್ತೆ. ಸುಳ್ಳು ಬರೆಯೋದು ಅಪರೂಪ. ಬೇಕಾದ್ದನ್ನ ಬರೆಯದೇ ಬಿಡೋದೇ ಸುಲಭ, ಕಾಲಂ ತುಂಬಿದೆ, ಫೈಲು ಪೂರ್ತಿಯಾಗಿದೆ, ಯಾರೂ ಕೇಳಲ್ಲ.

ನಿಮ್ಮ ಹೆಣ ಮಾತಾಡುತ್ತಾ? ಮಾತಾಡ್ಲಿ. ಪ್ರಶ್ನೆ ಕೇಳೋ ಅಧಿಕಾರ ತಳವಾರರ ಕಚೇರಿಗೆ ಮಾತ್ರ, ಅದೂ ಒಂದೇ ಪ್ರಶ್ನೆ ಅಂತ ಕಾನೂನು ಮಾಡಿ. ಅವರು ಫಾರಂ ತೆಗೆದು ಮೊದಲ ಕಾಲಂ ಕೇಳ್ತಾರೆ: "ನಿನ್ನ ಹೆಸರೇನು?" ಹೆಣ ಹೆಸರು ಹೇಳುತ್ತೆ, ಬಾಯಿ ಮುಚ್ಚುತ್ತೆ.

ಲಾಸ್ಟ್ ಬೆಂಚ್

ಸಾರ್!!!!

ಎಡದಂಡೆ

ಯಪ್ಪಾ. ಮೂರು ಪ್ರಕರಣದಾಗೂ "ಮೃತರ ಹೆಸರು ಖಚಿತಪಡಿಸಿಕೊಳ್ಳಲಾಯಿತು" ಅಂತ ಷರಾ.

ಬಿಸಿಲೂರು

ರೈಟರ್ ಸರ್, ನಾನು ತಲೆ ಕೆಡಿಸ್ಕೊಂಡಿದ್ದು ಹೆಣದ ಬಾಯಿ ಹೇಗೆ ಮುಚ್ಚಿಸೋದು ಅಂತ, ನೀವು ಕೇಳೋನ ಬಾಯಿ ಹಿಡಿದ್ರಿ. ಊರಿಗೆಲ್ಲ ಪರಿಚಯ ಇರೋ ಸಾಹುಕಾರನಿಗೆ "ಹೆಸರೇನು" ಅಂತ ಕೇಳಿದ್ರೆ ಹುಲುಗಪ್ಪನಿಗೆ ಮೈ ಉರಿಯದೇ ಇರುತ್ತಾ! ಪ್ರಶ್ನೆ ಮಾರಾಟಕ್ಕೂ ಇರಬಹುದು, ಹರಾಜಲ್ಲಿ.

ಕಲ್ಗುಡ್ಡ

ಹರಾಜು ಬೇಡ, ಜಾಸ್ತಿ ಆಯ್ತು. ಫಾರಂ ಸಾಕು.

ಹಳಗನ್ನಡ ಮಾಸ್ತರ

ಹೆಣ ಬಾಯಿ ಮುಚ್ಚಿದ ಮೇಲೆ ಹುಲುಗಪ್ಪ ಮೈ ನೋಡಬೇಕಲ್ಲ. ಅದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೇ ಅಧಿಕರಣದಲ್ಲಿ ಆಶುಮೃತಕಪರೀಕ್ಷೆ ಅಂತ ಒಂದು ಅಧ್ಯಾಯವೇ ಇದೆ, ಹಠಾತ್ ಸತ್ತವರನ್ನು ಪರೀಕ್ಷಿಸುವ ಕ್ರಮ. ಹೆಣಕ್ಕೆ ಎಣ್ಣೆ ಸವರಿ ನೋಡಬೇಕು. ಕೈಕಾಲು ಊದಿ, ಕಣ್ಣು ತೆರೆದು, ಕುತ್ತಿಗೆಯಲ್ಲಿ ಗುರುತಿದ್ದರೆ ಕತ್ತು ಹಿಸುಕಿದ್ದು. ಕೈಕಾಲು, ಹಲ್ಲು, ಉಗುರು ಕಪ್ಪಾಗಿ ಬಾಯಲ್ಲಿ ನೊರೆ ಇದ್ದರೆ ವಿಷ. ಎದೆಯಿಂದ ತೆಗೆದದ್ದನ್ನು ಬೆಂಕಿಗೆ ಹಾಕಿದಾಗ ಚಿಟಿಚಿಟಿ ಅಂದರೆ, ಕಾಮನಬಿಲ್ಲಿನ ಬಣ್ಣ ಬಂದರೆ ವಿಷವೇ ಅಂತ ತಿಳಿಯಬೇಕು. ಸತ್ತವನ ಆಳುಗಳನ್ನು, ಮನೆಯವರನ್ನು ಹೇಗೆ ವಿಚಾರಿಸಬೇಕು ಅಂತಲೂ ಇದೆ. ಇವೆಲ್ಲ ಮಾಟ ಅಲ್ಲ, ಆ ಕಾಲದ ವಿಜ್ಞಾನ. ನಿಮ್ಮ ಊರಲ್ಲಿ ಮಾಟಗಾರರು ದುಬಾರಿ, ಬಡ ಪತ್ತೇದಾರನಿಗೆ ಎಣ್ಣೆ ಬಟ್ಟಲು ಸಾಕು.

ಪುಂಡಿಪಲ್ಯ

ಎಣ್ಣೆ ಸವರೋದು ಸೂಲಗಿತ್ತಿಗೆ ಗೊತ್ತಿರೋ ಕೆಲಸ. ಸುಮ್ನೆ ಹೇಳಿದೆ.

ಹಟ್ಟಿ ಪಾಳಿ (ಲಿಂಗಸುಗೂರು)

ಅದಿರು ಅದಿರು ಅಂತೀರಲ್ಲ, ಚಿನ್ನದ ಗಣಿ ಯಾಕ ಬಿಟ್ರಿ? ನೆಲದಾಗ ಇಳದಂಗ ಶಕಿ ಏರತದ. ತೊಟ್ಟಿಲದಾಗ ಕೆಳಗ ಹೋಗುವಾಗ ಯಾರು ಯಾರ ಪಕ್ಕ ನಿಂತಿದ್ರು ಅನ್ನೋದಕ್ಕ ಹಾಜರಿ ಬುಕ್ಕ ಬಿಟ್ರ ಬ್ಯಾರೆ ಸಾಕ್ಷಿ ಇರಂಗಿಲ್ಲ. ಎಷ್ಟು ಮಂದಿ ಇಳದ್ರು, ಎಷ್ಟು ಮಂದಿ ಮ್ಯಾಲ ಬಂದ್ರು, ಲೆಕ್ಕ ಕೂಡಲಿಲ್ಲ ಅಂದ್ರ ಕೊಲಿ. ಬಾಗಲ ಹಾಕಿದ ಕೋಣಿ ಕೊಲಿ ಅಂತೀರಲ್ಲ, ಇದಕ್ಕಿಂತ ಬಂದೋಬಸ್ತ್ ಕೋಣಿ ಸಿಗತದೇನು?

ಮತ್ತ ಮಸ್ಕಿ ಬಗ್ಗೆ ಯಾರೂ ಹೇಳವಲ್ರಿ. ಇಡೀ ದೇಶದಾಗ ಬಂಡಿ ಮ್ಯಾಲ "ದೇವಾನಾಂಪ್ರಿಯ" ಅಂತ ಬರಸಿದ ರಾಜ ಯಾರು ಅನ್ನೋ ಕೇಸಿಗೆ ಖಡಕ್ ಸಾಕ್ಷಿ ಸಿಕ್ಕಿದ್ದು ನಮ್ಮ ಜಿಲ್ಲಾದಾಗ. 1915ರಾಗ ಬೀಡನ್ ಅಂತ ಚಿನ್ನದ ಗಣಿ ಇಂಜಿನಿಯರ್‌ಗೆ ಆ ಶಾಸನ ಕಂಡಿತು, ಅದರಾಗ ಅಶೋಕ ಅಂತ ಹೆಸರೇ ಇತ್ತು.

ಲಾಸ್ಟ್ ಬೆಂಚ್

ಅಲ್ಲೂ ಕೇಳಿದ ಪ್ರಶ್ನೆ "ನಿನ್ನ ಹೆಸರೇನು" ಅಂತ ತಾನೆ 😂

ಹಟ್ಟಿ ಪಾಳಿ

ಹ್ಞೂಂ, ಆದ್ರ ಅಲ್ಲಿ ಪ್ರಶ್ನಿ ದಂಡ ಆಗಲಿಲ್ಲ ತಮ್ಮಾ.

ಕಲ್ಗುಡ್ಡ

ಕಥೆಗೆ ಸಿದ್ಧ ಕೊಲೆ ಬೇಕಂದ್ರೆ ನಮ್ಮ ಬಳ್ಳಾರಿ ಕೋಟೆದೇ ಇದೆ. ಹೈದರಾಲಿ ಫ್ರೆಂಚ್ ಇಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದ. ಮುಗಿದ ಮೇಲೆ ನೋಡಿದ್ರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ, ಅಲ್ಲಿಂದ ಫಿರಂಗಿ ಹೊಡೆದ್ರೆ ಕೋಟೆ ಉಳಿಯಲ್ಲ. ಇಂಜಿನಿಯರ್‌ನ ಪೂರ್ವದ ಬಾಗಿಲಿಗೇ ನೇಣು ಹಾಕಿಸಿದ ಅಂತ ಊರಲ್ಲಿ ಹೇಳೋ ಕಥೆ. ಹುಲುಗಪ್ಪನ ಹತ್ರ ಇಂಜಿನಿಯರ್ ಮಗಳು ಬಂದು, ಅಪ್ಪನಿಗೆ ಗುಡ್ಡದ ಅಳತೆ ತಪ್ಪಾಗಿ ಕೊಟ್ಟೋರು ಯಾರು ಹುಡುಕಿಕೊಡು ಅನ್ನಲಿ.

ಎಡದಂಡೆ

ಕೊಲಿಗಾರ ಯಾರು ಅಂತ ಊರಿಗೆಲ್ಲ ಗೊತ್ತೈತಿ, ಹಾಕಿಸಿದವನು ರಾಜ. ಪತ್ತೇದಾರ ಹುಡುಕಿ ಏನ್ ಮಾಡ್ತಾನ?

ಕಲ್ಗುಡ್ಡ

ಅದೇ ಅಲ್ವಾ ಮಜಾ! ಅಪರಾಧಿ ಗೊತ್ತಾದ್ರೂ ಮುಟ್ಟೋಕಾಗಲ್ಲ.

ಎಡದಂಡೆ

ಹಂಗಂದ್ರ ರಜಾಕ್ ಹೇಳಿದ ಇನ್ನೊಂದು ಕಥಿ ಕೇಳ್ರಿ. ದೇವರಾಯನ ತಮ್ಮ ಹೊಸ ಮನಿ ಕಟ್ಟಿಸಿ ಸರದಾರರನ್ನೆಲ್ಲ ಊಟಕ್ಕ ಕರದ. ಹೊರಗ ನಗಾರಿ, ಕಹಳಿ ಜೋರು. ಒಬ್ಬೊಬ್ಬರನ್ನೇ ಊಟದ ಕೋಣಿಗೆ ಕರಿಯೋದು, ಒಳಗ ಅಡಗಿದ ಇಬ್ಬರು ಚುಚ್ಚೋದು, ಹೆಣ ಸರಿಸಿ ಮುಂದಿನವರನ್ನ ಕರಿಯೋದು. ವಾದ್ಯದ ಗದ್ದಲದಾಗ ಒಬ್ಬರ ಕೂಗೂ ಹೊರಗ ಕೇಳಲಿಲ್ಲ. ಆಮ್ಯಾಲೆ ಅರಮನಿಗೆ ಹೋಗಿ ರಾಜನಿಗೂ ಕಠಾರಿ ಹಾಕಿದ, ರಾಜ ಹ್ಯಾಂಗೋ ಬದುಕಿದ. ನಿಮ್ಮ ಮೂರನೇ ಸಾಹುಕಾರನ ಹೆಣಕ್ಕ ಹುಲುಗಪ್ಪ ಕದ್ದು ಪ್ರಶ್ನಿ ಕೇಳ್ತಾನ ಅನ್ಕೋರಿ. ಅದು ಹೇಳೋದು ಬರೀ "ನಗಾರಿ".

ಬಿಸಿಲೂರು

ಎಲ್ಲರಿಗೂ ಸ್ಯಾಂಪಲ್ ಹಾಕ್ತೀನಿ, ಬೈಯೋದಿದ್ರೆ ಈಗಲೇ ಬೈದುಬಿಡಿ. ಎರಡನೇ ಕೊಲೆಯ ಜಾಗ. ಹುಲುಗಪ್ಪನೇ ಹೇಳೋದು.

"ಬಿಸಿಲುಗಾಲ. ಕೆಂಧೂಳಿಯೊಳಗ ನೆರಳಿಗೂ ಬಾಡಿಗಿ ಇತ್ತು, ನಾ ಎರಡು ತಿಂಗಳದ್ದು ಬಾಕಿ ಉಳಿಸಿಕೊಂಡಿದ್ದೆ. ಸಾಹುಕಾರ ಗೋದಾಮಿನ ನಡುವ ಅಂಗಾತ ಬಿದ್ದಿದ್ದ. ತಳವಾರರು ಅವನ ಹೆಸರು ಕೇಳಿ ಬರಕೊಂಡು ಹೋಗಿದ್ರು. ಮುಂಗೈ ಮ್ಯಾಲ, ಹಣಿ ಮ್ಯಾಲ, ಮೀಸಿ ಮ್ಯಾಲ ಕೆಂಪು ಧೂಳು ಒಂದು ಪದರು ಕುಂತಿತ್ತು. ಕಣ್ಣ ರೆಪ್ಪಿ ಮ್ಯಾಲ ಮಾತ್ರ ಇರಲಿಲ್ಲ. ಸಾಯುವಾಗ ಕಣ್ಣು ತೆರದಿತ್ತು. ಧೂಳು ಕುಂತ ಮ್ಯಾಲ ಯಾರೋ ಬಂದು ಮುಚ್ಚಿ ಹೋಗ್ಯಾರ. ಕೊಂದವರು ಕಣ್ಣು ಮುಚ್ಚಾಕ ವಾಪಸ್ ಬರಂಗಿಲ್ಲ. ಅತ್ತವರು ಬರ್ತಾರ."

ಪುಂಡಿಪಲ್ಯ

ಒಳ್ಳೇದಿದೆ. ನಿಜವಾಗ್ಲೂ. ಮಾಟ ಇಲ್ಲ, ಮಂತ್ರ ಇಲ್ಲ, ರೆಪ್ಪೆ ನೋಡಿದ ಅಷ್ಟೇ.

ಲಾಸ್ಟ್ ಬೆಂಚ್

ನೆರಳಿನ ಬಾಡಿಗೆ ಲೈನ್ ಮಸ್ತ್ ಐತಿ.

ಹಳಗನ್ನಡ ಮಾಸ್ತರ

ಇಡೀ ಕಾದಂಬರಿ ಈ ಭಾಷೆಯಲ್ಲೇನಾ? ಮೈಸೂರು, ಮಂಗಳೂರಿನವರು ಮುನ್ನೂರು ಪುಟ ಓದ್ತಾರಾ? ನಿರೂಪಣೆ ಶಿಷ್ಟ ಕನ್ನಡದಲ್ಲಿರಲಿ, ಸಂಭಾಷಣೆ ಮಾತ್ರ ನಮ್ಮದಿರಲಿ ಅನ್ನೋದು ನನ್ನ ಸಲಹೆ.

ಹಟ್ಟಿ ಪಾಳಿ

ಅವರ ಕನ್ನಡ ನಾವು ಹುಟ್ಟಿದಾಗಿಂದ ಓದಿವಿ, ಒಂದು ಸಲನಾದ್ರೂ ಅವರು ನಮ್ಮದು ಓದಲ್ರಿ ಮಾಸ್ತರ್ರೇ.

ಎಡದಂಡೆ

ಮತ್ತ ಈ ನಮೂನಿ ಕಥಿ ಪೂರಾ ನಿಂತಿರೋದೇ ಪತ್ತೇದಾರನ ಬಾಯಿ ಮ್ಯಾಲ. ಊರು ಅವನ ಕಣ್ಣಿಗೆ ಹ್ಯಾಂಗ ಕಾಣತೈತಿ ಅನ್ನೋದೇ ಕಥಿ. ನಿರೂಪಣಿ ಶಿಷ್ಟ ಮಾಡಿದ್ರ ಹುಲುಗಪ್ಪ ಆಕಾಶವಾಣಿ ವಾರ್ತಾ ಓದಿದಂಗ ಆಕ್ಕತಿ.

ಹಳಗನ್ನಡ ಮಾಸ್ತರ

ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಕೊಪ್ಪಳದಲ್ಲೂ ಓದಿದರು, ಕೊಡಗಿನಲ್ಲೂ ಓದಿದರು. ಬಾಡಿಗೆ ಲೈಬ್ರರಿಯಲ್ಲಿ ಪಾಳಿ ಹಚ್ಚಿ ಓದಿದರು. ಎಲ್ಲರಿಗೂ ತಿಳಿಯುವ ಕನ್ನಡದಿಂದಲೇ ಅಲ್ಲವೇ?

ಪುಂಡಿಪಲ್ಯ

ಮಾಸ್ತರ್ರೇ, ಆಗ ಮೊಬೈಲ್ ಇರ್ಲಿಲ್ಲ. ಈಗ ನಮ್ಮ ಕಡೆ ಭಾಷೆಯ ರೀಲ್ಸ್ ಬೆಂಗಳೂರಿನವರೂ ನೋಡಿ ನಗ್ತಾರೆ. ನಗೋಕೆ ಅರ್ಥ ಆಗುತ್ತೆ, ಕೊಲೆಗೆ ಅರ್ಥ ಆಗಲ್ವಾ?

ಕಲ್ಗುಡ್ಡ

ಭಾಷೆ ಬಿಡಿ, ಸ್ಯಾಂಪಲ್‌ನಲ್ಲಿ ಒಂದು ದೊಡ್ಡ ತೂತಿದೆ. ಅದಿರನ್ನ ಗೋದಾಮಲ್ಲಿ ಯಾರೂ ಇಡಲ್ಲ. ಬಯಲಲ್ಲಿ ಪ್ಲಾಟ್ ಮಾಡಿ ರಾಶಿ ಹಾಕ್ತಾರೆ. ಬಯಲಲ್ಲಾದ್ರೆ ಗಾಳಿಗೆ ಹೆಣದ ಮೇಲೆ ಪದರು ನಿಲ್ಲಲ್ಲ.

ಕೊಲೆನ ಕಾಟಾ ಕೋಣೆಗೆ ತನ್ನಿ. ಬಂಡಿ ತೂಕ ಮಾಡೋ ಜಾಗ. ಗಣಿ ಜೋರಿದ್ದಾಗ ನಮ್ಮ ದೊಡ್ಡಪ್ಪನ ಮಗ ತೋರಣಗಲ್ಲು ಕಡೆ ಒಂದು ಕಾಟಾದಲ್ಲಿ ಕೂರ್ತಿದ್ದ, ನಾನು ಊಟದ ಡಬ್ಬಿ ಕೊಡೋಕೆ ಹೋಗ್ತಿದ್ದೆ. ಕಿಟಕಿ ಮುಚ್ಚಿದ್ರೂ ಸೈ, ತೆಗೆದ್ರೂ ಸೈ. ರಿಜಿಸ್ಟರ್ ಒರೆಸಿ ಒಂದು ಸಾಲು ಬರೆದು, ಚಹಾ ಕುಡಿದು ಬರೋದ್ರೊಳಗೆ ಆ ಸಾಲಿನ ಮೇಲೆ ಬೆರಳಾಡಿಸಿದ್ರೆ ಗುರುತು ಬೀಳ್ತಿತ್ತು. ನೀರಿನ ಕೊಡದ ಮುಚ್ಚಳ, ಗೋಡೆಯ ದೇವರ ಫೋಟೋ, ಅವನ ಕಿವಿ ಒಳಗೆ, ಎಲ್ಲ ಕೆಂಪು. ಅಂಗಿ ಎಷ್ಟು ಒಗೆದ್ರೂ ಕಾಲರ್ ಬಣ್ಣ ಹೋಗ್ತಿರಲಿಲ್ಲ. ರಾತ್ರಿ ಎಷ್ಟು ಗಾಡಿ ಹೋದ್ವು ಅಂತ ಅವನು ಬೆಳಿಗ್ಗೆ ಟೇಬಲ್ ಮೇಲಿನ ಧೂಳು ನೋಡಿ ಅಂದಾಜು ಹೇಳ್ತಿದ್ದ.

ಈಗ ಕೇಳಿ. ಸಾಹುಕಾರ ಸಂಜೆ ಕಾಟಾ ಕೋಣೆಯಲ್ಲಿ ಸತ್ತ. ರಿಜಿಸ್ಟರ್ ಪ್ರಕಾರ ಆಮೇಲೆ ನಾಲ್ಕೇ ಬಂಡಿ ಹೋಗಿವೆ. ಹೆಣದ ಮೇಲಿನ ಧೂಳು ನಲವತ್ತು ಬಂಡಿದು.

ಎಡದಂಡೆ

!!!

ಸ್ಟೇಷನ್ ರೈಟರ್

ಇದು ತನಿಖೆ. ಕಣ್ಣು ಮುಚ್ಚಿದ್ದು ಎಷ್ಟನೇ ಬಂಡಿ ಆದ್ಮೇಲೆ ಅಂತಲೂ ಸಿಗುತ್ತೆ. ರೆಪ್ಪೆ ಮೇಲೆ ತೆಳ್ಳಗೆ ಕೂತಿದ್ರೆ ಅದರ ನಂತರವೂ ಗಾಡಿ ಓಡಿವೆ.

ಬಿಸಿಲೂರು

ಕಲ್ಗುಡ್ಡ ಅಣ್ಣಾ, ನನಗೆ ಕೊಲೆಗೆ ಕಾರಣವೇ ಸಿಕ್ಕಿರಲಿಲ್ಲ! ಲೆಕ್ಕಕ್ಕೆ ಸಿಗದ ಅದಿರು. ಸಾಹುಕಾರ ಅದನ್ನ ನೋಡಿಬಿಟ್ಟಿದ್ದ ಅಥವಾ ಪಾಲು ಕೇಳಿದ್ದ.

ಕಲ್ಗುಡ್ಡ

ಪಾಲು ಕೇಳಿದ್ದ ಅಂತ ಬರಿ. ಸಾಹುಕಾರ ಒಳ್ಳೆಯವನಾದ್ರೆ ಕಥೆ ಮೆತ್ತಗಾಗುತ್ತೆ. ಮತ್ತೆ ದಯವಿಟ್ಟು ಅದಿರು ಮಾಯ ಮಾಡೋಕೆ ಮಾಟಗಾರನ್ನ ಕರೀಬೇಡ. 2010ರಲ್ಲಿ ಬೇಲೇಕೇರಿ ಬಂದರಲ್ಲಿ ಜಪ್ತಿ ಮಾಡಿ ಇಟ್ಟ ಅದಿರೇ ಹಡಗು ಹತ್ತಿ ಹೋಯ್ತು, ಯಾವ ಮಂತ್ರವಾದಿ ಬಂದಿದ್ದ? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸೋವರೆಗೂ ಕಾಗದದಲ್ಲಿ ಎಲ್ಲ ಸರಿಯಾಗೇ ಇತ್ತು. ಪರ್ಮಿಟ್ ಇತ್ತು, ಸೀಲ್ ಇತ್ತು.

ಹಟ್ಟಿ ಪಾಳಿ

ಹಂಗಂದ್ರ ಮಾಟ ಎದಕ್ಕ ಬೇಕು ಕಥಿಯಾಗ?

ಹಳಗನ್ನಡ ಮಾಸ್ತರ

ಒಳ್ಳೇ ಪ್ರಶ್ನೆ. ಹೆಣ ಮಾತಾಡುವ ಊರಲ್ಲಿ ಸತ್ಯ ಅಗ್ಗ. ಕೇಳಿದರೆ ಸಿಗುತ್ತದೆ. ಆದರೂ ಯಾರೂ ಕೇಳುವುದಿಲ್ಲ. ಮಾಟ ಇಲ್ಲದ ಊರಲ್ಲಿ "ಸಾಕ್ಷಿ ಸಿಗಲಿಲ್ಲ" ಅಂತ ಜಾರಿಕೊಳ್ಳಬಹುದು, ಇಲ್ಲಿ ಆ ನೆವವೂ ಇಲ್ಲ. ನಾಕ್ಸ್ ಮಾಟವನ್ನು ಬೇಡ ಅಂದದ್ದು ಅದು ಗಂಟು ಬಿಚ್ಚುತ್ತೆ ಅಂತ. ಇಲ್ಲಿ ಅದು ಗಂಟನ್ನು ಬಿಗಿ ಮಾಡುತ್ತಿದೆ. ಒಂದೇ ಷರತ್ತು: ಹೆಣ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತೆ ಅನ್ನೋದನ್ನು ಮೊದಲ ಅಧ್ಯಾಯದಲ್ಲೇ ಹೇಳಿ, ಕೊನೆಗೆ "ಅಮಾವಾಸ್ಯೆಯಂದು ಎರಡು" ಅಂತ ಹೊಸ ನಿಯಮ ತಂದರೆ ನಾನೇ ನಿಮ್ಮ ಮನೆಗೆ ಬರ್ತೀನಿ.

ಎಡದಂಡೆ

ಮಾಸ್ತರ್ರು ಭಾಷಾ ವಿಷಯಕ್ಕ ಸೋತಿದ್ದಕ್ಕ ಇಲ್ಲಿ ಸೇಡು ತೀರಿಸ್ಕೊಂಡ್ರು.

ಹಳಗನ್ನಡ ಮಾಸ್ತರ

ಸೋತಿಲ್ಲ. ವಿರಾಮ.

ಪುಂಡಿಪಲ್ಯ

ಬಿಸಿಲೂರು, ಕಣ್ಣು ಮುಚ್ಚಿದ್ದು ಯಾರು ಅಂತ ನನಗೆ ಗೊತ್ತಾಯ್ತು. ರಾತ್ರಿ ಹೊತ್ತಲ್ಲಿ ಕಾಟಾ ಕೋಣೆಗೆ ಹೋಗಿ ಬಂದ್ರೂ ಯಾವ ಕಾವಲುಗಾರನೂ ತಡೆಯದ ಹೆಂಗಸು ಊರಲ್ಲಿ ಒಬ್ಬಳೇ. ಯಾವ ಮನೆಯಲ್ಲಿ ಯಾರಿಗೆ ಹೆರಿಗೆ ನೋವೋ ಅಂತ ಬಾಗಿಲು ಬಿಡ್ತಾರೆ. ಸೂಲಗಿತ್ತಿ. ಅಂದ್ರೆ ಹುಲುಗಪ್ಪನ ಹೆಂಡ್ತಿ. ಸಾಹುಕಾರ ಅವಳಿಗೆ ಏನಾಗಬೇಕು, ಅದು ನಿಮಗೆ ಬಿಟ್ಟಿದ್ದು. ಆದ್ರೆ ಹುಲುಗಪ್ಪ ಆ ರೆಪ್ಪೆ ನೋಡಿದ ಕೂಡಲೇ ಗುರುತು ಹಿಡಿದಿದ್ದಾನೆ, ನಮಗೆ ಹೇಳ್ತಿಲ್ಲ ಅಷ್ಟೇ. "ಅತ್ತವರು ಬರ್ತಾರ" ಅಂತ ಸುಮ್ಮನೆ ಅಂದ್ನಾ?

ಬಿಸಿಲೂರು

ಅಕ್ಕಾ, ಆ ಪೋಸ್ಟ್ ಡಿಲೀಟ್ ಮಾಡ್ತೀರಾ ಪ್ಲೀಸ್. ನಾನು ಹಾಗೇ ಬರೀತೀನಿ.

ಪುಂಡಿಪಲ್ಯ

ಮಾಡಲ್ಲ. ಪುಸ್ತಕ ಬಂದಾಗ ಸಾಕ್ಷಿ ಬೇಕು.

ಲಾಸ್ಟ್ ಬೆಂಚ್

ಸ್ಟೇಷನ್ ರೈಟರ್ ಸಾರ್, ಪಂಚನಾಮೆ ಮಾಡಿ. ನಾನು ಪಂಚ, ಚಹಾದಂಗಡೀಲೇ ಇದ್ದೀನಿ.

ಸ್ಟೇಷನ್ ರೈಟರ್

ಖಾಲಿ ಹಾಳೆ ಮೇಲೆ ಸಹಿ ಹಾಕಿ ಹೋಗಪ್ಪ, ಉಳಿದದ್ದು ನಾನು ತುಂಬ್ಕೋತೀನಿ.

ನಿರ್ವಾಹಕ

ಕೊಲೆಗಾರ ಯಾರು ಅಂತ ಊಹೆ ಮಾಡೋರು ಬೇರೆ ಎಳೆ ಶುರು ಮಾಡಿ. ಮಂಡಾಳು ಒಗ್ಗರಣೆಗೆ ಮಿರ್ಚಿ ಯಾವ ಊರಿಂದು ಚೆನ್ನಾಗಿರುತ್ತೆ ಅನ್ನೋ ಪೋಸ್ಟ್‌ಗಳನ್ನ ತೆಗೆದಿದ್ದೇನೆ, ಅದರಲ್ಲಿ ಬೈಗುಳ ಇತ್ತು. ಜಿಲ್ಲೆ ಜಗಳವನ್ನ ಇಲ್ಲಿಗೆ ನಿಲ್ಲಿಸಿ.

ಹಟ್ಟಿ ಪಾಳಿ

ಮಿರ್ಚಿ ಪೋಸ್ಟ್ ನಂದು. ಬೈಗುಳ ಅಲ್ರಿ ಅದು, ನಮ್ಮ ಕಡಿ ಹಂಗೇ ಮಾತಾಡೋದು.